ಸಂಶೋಧನಾ ಪ್ರಶ್ನೆಯ ನಿವಾರಣೋಪಾಯಗಳು: ಒಂದು ಅಧ್ಯಯನ

ಕನ್ನಡದಲ್ಲಿ ಪಿಎಚ್.ಡಿ. ಮಾಡಹೊರಟವರಿಗೆ ಮೊದಲು ಬೇಕಾದದ್ದು ಪ್ರಶ್ನೆ ಎಂಬ ಭ್ರಮೆ ಸಂಶೋಧನಾ ವಿಧಾನದ ಪುಸ್ತಕಗಳಲ್ಲಿ ಬೇರುಬಿಟ್ಟಿದೆ. ಅದು ನಿರಾಧಾರವೆಂದು ಈ ಪ್ರಬಂಧ ಪ್ರತಿಪಾದಿಸುತ್ತದೆ. 'ಪಂಪನ ಕಾವ್ಯಗಳಲ್ಲಿ ಸ್ತ್ರೀಪಾತ್ರಗಳು: ಒಂದು ಅಧ್ಯಯನ' ಎಂಬಂಥ ಶೀರ್ಷಿಕೆಯನ್ನೇ ಬಿಡಿಸಿ ನೋಡಿ. ಒಬ್ಬ ಕವಿ, ಏಳನೆಯ ವಿಭಕ್ತಿ, ಏನಾದರೊಂದು ವಸ್ತು, ಕೊನೆಗೊಂದು ಬಾಲ. ಎಷ್ಟು ಹಿಂಡಿದರೂ ಇದರಿಂದ ಹೊರಡುವ ಪ್ರಶ್ನೆ ಒಂದೇ: ಪಂಪನಲ್ಲಿ ಸ್ತ್ರೀಪಾತ್ರಗಳಿವೆಯೇ? ಇವೆ. ಯಾವ ಪರೀಕ್ಷಕರೂ ಇದನ್ನು ಅಲ್ಲಗಳೆಯಲಾರರು. ಪಂಪನನ್ನು ಎಬ್ಬಿಸಿ ರನ್ನನನ್ನು ಕೂರಿಸಿದರೆ ಇನ್ನೊಬ್ಬರ ವಿಷಯವೂ ಸಿದ್ಧ. ಆದ್ದರಿಂದ ಸೂತ್ರವಿಷ್ಟು: 'ಇಲ್ಲ' ಎಂಬ ಉತ್ತರಕ್ಕೆ ಎಡೆಯಿರುವ ವಿಷಯವನ್ನು ಸಂಶೋಧಕ ಮುಟ್ಟತಕ್ಕದ್ದಲ್ಲ.

ಮುಟ್ಟಿದರೆ ಏನಾಗುತ್ತದೆಂಬುದಕ್ಕೆ ಪಂಪನೇ ಸಾಕ್ಷಿ. 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿ ಐವರ ಮಡದಿಯಲ್ಲ, ಅರ್ಜುನನೊಬ್ಬನ ಮಡದಿ. ಆಶ್ರಯದಾತ ಅರಿಕೇಸರಿಯೇ ಅರ್ಜುನನಾದ ಮೇಲೆ ಕವಿಗೆ ಬೇರೆ ದಾರಿಯಿರಲಿಲ್ಲವೆಂದು ಬರೆದು ನೆಮ್ಮದಿಯಾಗಿ ಅಧ್ಯಾಯ ಮುಗಿಸಬಹುದು. ದುರದೃಷ್ಟಕ್ಕೆ, ಕೊನೆಯ ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕದಲ್ಲಿರುವವಳು ಸುಭದ್ರೆ. ನಾಲ್ವರಿಂದ ಬಿಡಿಸಿ ತಂದ ದ್ರೌಪದಿಯನ್ನು ಸಿಂಹಾಸನದ ಹೊತ್ತಿಗೆ ಕೈಬಿಟ್ಟದ್ದೇಕೆ? ಇಲ್ಲಿ ಸಿಕ್ಕಿಬಿದ್ದವರು 14 ಆಶ್ವಾಸಗಳನ್ನೂ ಓದಬೇಕು, ಅರಿಕೇಸರಿಯ ಮನೆತನವಾದ ವೇಮುಲವಾಡದ ಚಾಲುಕ್ಯರಿಗೂ ರಾಷ್ಟ್ರಕೂಟರಿಗೂ ಇದ್ದ ನಂಟನ್ನು ಅರಿಯಬೇಕು. ಗ್ರಹಚಾರ ಕೆಟ್ಟರೆ ಮಾರ್ಗದರ್ಶಕರ ಹಳೆಯ ಲೇಖನವೊಂದನ್ನು ಒಪ್ಪದಿರುವ ಪ್ರಸಂಗವೂ ಬಂದೀತು. ಇಂಥ ಅಪಾಯ 'ಸ್ತ್ರೀಪಾತ್ರಗಳು' ಎಂಬ ವಿಶಾಲ ಛತ್ರದಡಿ ಎಂದೂ ಎದುರಾಗದು.

ಗೋವಿಂದ ಪೈ, ಶಂಬಾ ಜೋಶಿ ಪ್ರಶ್ನೆ ಹಿಡಿದೇ ಹೊರಟರಲ್ಲವೇ ಎಂದು ಪೂರ್ವಪಕ್ಷಿಗಳು ಕೇಳುತ್ತಾರೆ. ಹೊರಟರು, ನಿಜ. ಕನ್ನಡ ಉತ್ತರಕ್ಕೆ ಎಲ್ಲಿಯವರೆಗೆ ಹಬ್ಬಿತ್ತೆಂದು ಊರುಗಳ ಹೆಸರು ಕೆದಕಿದ ಶಂಬಾ ಧಾರವಾಡದ ಶಾಲಾ ಮಾಸ್ತರರು. ಪೈಗಳದು ಮಂಜೇಶ್ವರದ ಮನೆ. ಇಬ್ಬರಿಗೂ ಡಾಕ್ಟರಲ್ ಕಮಿಟಿಯಿರಲಿಲ್ಲ, ಸಿನಾಪ್ಸಿಸ್ ಸಲ್ಲಿಸುವ ಗಡುವಿರಲಿಲ್ಲ. ಹೀಗೆ ಅರ್ಹತೆಯೇ ಇಲ್ಲದವರನ್ನು ಮಾದರಿಯಾಗಿ ಒಡ್ಡುವುದು ಶಾಸ್ತ್ರಸಮ್ಮತವಲ್ಲ. ಉತ್ತರ ಮೊದಲ ದಿನವೇ ಗೊತ್ತಿದ್ದರೆ ಉಳಿದ ದಿನ ಮಾಡುವುದೇನು ಎಂಬ ಆಕ್ಷೇಪ ತುಸು ಗಟ್ಟಿಯಾದದ್ದು, ಏಕೆಂದರೆ ಯುಜಿಸಿಯ 2022ರ ನಿಯಮ ಕನಿಷ್ಠ 3 ವರ್ಷ ಬೇಡುತ್ತದೆ. ಇದಕ್ಕೂ ಪರಿಹಾರವುಂಟು: ಕವಿಯ ಜೀವನ, ಕಾಲ, ಪರಿಸರ, ಸ್ತ್ರೀ ಎಂದರೇನು ಎಂದು ಅಧ್ಯಾಯಗಳನ್ನು ಹೊಂದಿಸುತ್ತ, ಮೂಲಕೃತಿ ನಡುವೆ ತಲೆಹಾಕದಂತೆ ನೋಡಿಕೊಂಡರಾಯಿತು. ಇನ್ನು ಕೃತಿಚೌರ್ಯದ ಶಂಕೆ. 2018ರ ನಿಯಮದಂತೆ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆಯಿಲ್ಲ, ಶೀರ್ಷಿಕೆಯೊಂದೇ ಅಷ್ಟನ್ನೂ ನುಂಗದಂತೆ ಎಚ್ಚರ ವಹಿಸತಕ್ಕದ್ದು.