ಟಾರ್ಚುಜ್ವರ ಮೀಮಾಂಸೆ

ಕರೆಂಟು ಹೋದ ಮನೆಯಲ್ಲಿ ಟಾರ್ಚು ಹಿಡಿದವನ ಕೈ ಎಷ್ಟು ಡಿಗ್ರಿಗೆ ಸುಡುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಇದುವರೆಗೆ ಮುಟ್ಟಿದಂತಿಲ್ಲ. ಮುಟ್ಟಿದವರು ಕೈ ಸುಟ್ಟುಕೊಂಡು ಸುಮ್ಮನಾಗಿರಬೇಕು. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಸಾಮಗ್ರಿ. ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಂ ಮೈಯ ಒಂದು ಎಲ್‌ಇಡಿ ಟಾರ್ಚು. ಅದರ ಹೊಟ್ಟೆಯಲ್ಲಿ 18650 ಎಂಬ ಬಿರುದಾಂಕಿತ ಲಿಥಿಯಂ ಬ್ಯಾಟರಿ: ದಪ್ಪ 18 ಮಿಲಿಮೀಟರ್, ಉದ್ದ 65, ಕೊನೆಯ ಸೊನ್ನೆ ದುಂಡಗಿರುವುದಕ್ಕೆ ಸಾಕ್ಷಿ. ಜತೆಗೆ ಅಗ್ಗದ ಇನ್‌ಫ್ರಾರೆಡ್ ಥರ್ಮಾಮೀಟರು. 2020ರಲ್ಲಿ ಅಂಗಡಿ ಬಾಗಿಲಲ್ಲಿ ನಮ್ಮ ಹಣೆಗೆ ಗುರಿಯಿಟ್ಟ ಪಿಸ್ತೂಲಿನ ದಾಯಾದಿ.

ಪೂರ್ವಪಕ್ಷ ಅಡುಗೆಮನೆಯಿಂದ ಬಂತು: “ಕೈಯಿಟ್ಟು ನೋಡಿದ್ರೆ ಗೊತ್ತಾಗಲ್ವೇನ್ರೀ, ಇದಕ್ಕೊಂದು ಗನ್ನು ಬೇರೆ!” ಇದರ ಖಂಡನೆ ಸುಲಭ. ಒಂದೇ ಬಿಸಿಯಲ್ಲಿರುವ ಸ್ಟೀಲಿನ ಸೌಟು ಚುರ್ ಎನ್ನಿಸುತ್ತದೆ, ಮರದ ಸೌಟು ಸುಮ್ಮನಿರುತ್ತದೆ. ಲೋಹ ತನ್ನ ಕಾವನ್ನು ಬೇಗ ದಾಟಿಸುತ್ತದಷ್ಟೆ. ಆದ್ದರಿಂದ ಸ್ಪರ್ಶ ಪ್ರಮಾಣವಲ್ಲ. ಖಂಡನೆಯನ್ನು ನಾನು ಮನಸ್ಸಿನಲ್ಲೇ ಮಂಡಿಸಿದೆ.

ಇನ್ನು ಪ್ರಯೋಗ. ಟಾರ್ಚನ್ನು ಹತ್ತು ನಿಮಿಷ ಪೂರ್ತಿ ಬೆಳಕಿನಲ್ಲಿ ಉರಿಸಿ ಕುದುರೆ ಒತ್ತಿದೆ: 33 ಡಿಗ್ರಿ. ಅತ್ತ ಟಾರ್ಚು ಅಂಗೈಯಲ್ಲಿ ನಿಲ್ಲುತ್ತಿಲ್ಲ! ಮೂರು ರಾತ್ರಿ ಹೀಗೇ ಆಯಿತು. ಮುಖ ಹತ್ತಿರ ತಂದಷ್ಟೂ ಅಂಕಿ ಒಂದಿಷ್ಟು ಏರಿದ್ದನ್ನು ‘ಟಾರ್ಚಿನ ಸಂಕೋಚ’ ಎಂದು ವಹಿಯಲ್ಲಿ ಬರೆದುಕೊಂಡೆ.

ಸಿದ್ಧಾಂತ ಬೇರೆಯೇ ಇತ್ತು. ಬಿಸಿಯಾದುದೆಲ್ಲ ಕಣ್ಣಿಗೆ ಕಾಣದ ಕಿರಣ ಬಿಡುತ್ತದೆ. ವಿಲಿಯಂ ಹರ್ಷೆಲ್ 1800ರಲ್ಲಿ ಬಿಸಿಲನ್ನು ಗಾಜಿನ ಪಟ್ಟಕದಲ್ಲಿ ಒಡೆದು, ಕೆಂಪಿನಾಚೆಯ ಕತ್ತಲಲ್ಲಿ ಥರ್ಮಾಮೀಟರು ಏರಿದ್ದನ್ನು ಕಂಡ. ಗನ್ನು ಅಳೆಯುವುದು ಈ ಜಾತಿಯ ಕಿರಣವನ್ನೇ. ಮಂಕು ಮೈಯವು ಧಾರಾಳಿಗಳು, ಇದ್ದುದನ್ನೆಲ್ಲ ಸೂಸುತ್ತವೆ. ಉಜ್ಜಿ ಹೊಳಪಿಸಿದ ಅಲ್ಯೂಮಿನಿಯಂ ಮಹಾ ಜಿಪುಣ. ತನ್ನದರಲ್ಲಿ ಹತ್ತನೇ ಒಂದು ಪಾಲು ಬಿಟ್ಟರೆ ಹೆಚ್ಚು, ಮಿಕ್ಕಂತೆ ಎದುರಿದ್ದವರ ಕಾವನ್ನೇ ಕನ್ನಡಿಯ ಹಾಗೆ ಹಿಂದಿರುಗಿಸುತ್ತದೆ. ಅಗ್ಗದ ಗನ್ನಿಗೋ ಲೋಕವೆಲ್ಲ ಧಾರಾಳಿ ಎಂಬ ನಂಬಿಕೆ, ಎಲ್ಲರೂ ಸೂಸುವ ಪಾಲು 0.95 ಎಂಬ ಅಂಕಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹುಟ್ಟಿರುತ್ತದೆ. ಹೀಗಾಗಿ ಸಂಶೋಧಕನು ಮೂರು ರಾತ್ರಿ ಬಹುಪಾಲು ತನ್ನ ಮುಖವನ್ನೂ ಕೋಣೆಯ ಗೋಡೆಯನ್ನೂ ಅಳೆದು ಟಾರ್ಚಿನ ಖಾತೆಗೆ ಬರೆದಿದ್ದಾನೆ.

ಪರಿಹಾರ ಎಲೆಕ್ಟ್ರಿಕ್ ಅಂಗಡಿಯ ಕಪ್ಪು ಟೇಪು. ಅಂಗುಲದಷ್ಟು ಅಂಟಿಸಿ, ಅದೂ ಕಾಯುವವರೆಗೆ ಬಿಟ್ಟು, ಮತ್ತೆ ಒತ್ತಿದಾಗ 56! ಹತ್ತಿರದಿಂದಲೇ ಹಿಡಿಯಬೇಕು. 12:1 ಎಂದು ಬರೆದ ಗನ್ನು 12 ಸೆಂಟಿಮೀಟರ್ ದೂರದಲ್ಲಿ 1 ಸೆಂಟಿಮೀಟರ್ ಅಗಲದ ವೃತ್ತವನ್ನು ನೋಡುತ್ತದೆ. ಇನ್ನೂ ಹಿಂದೆ ಸರಿದರೆ ಗೋಡೆಯೂ ಲೆಕ್ಕಕ್ಕೆ ಸೇರುತ್ತದೆ. ಗನ್ನು ಬೀರುವ ಕೆಂಪು ಚುಕ್ಕೆ ಬರೀ ದಾರಿ ತೋರಿಸುವ ಬೆರಳು, ಅಳೆಯುವುದು ಅದಲ್ಲ. ಟಾರ್ಚಿನ ಮುಂದಿನ ಗಾಜಿಗೆ ಗುರಿಯಿಟ್ಟರೆ ಸಿಗುವುದು ಗಾಜಿನ ಬಿಸಿ, ಒಳಗಿನ ಬಲ್ಬಿನದಲ್ಲ.

ಬ್ಯಾಟರಿ ಮಾತ್ರ ಸಜ್ಜನ. ಪ್ಲಾಸ್ಟಿಕ್ ಅಂಗಿ ತೊಟ್ಟಿರುವುದರಿಂದ ಹೊರಮೈಯ ಬಿಸಿಯನ್ನು ಮುಚ್ಚಿಡುವುದಿಲ್ಲ. ಚಾರ್ಜಿಗಿಟ್ಟಾಗ 45, ಉರಿಯುವಾಗ 60 ಡಿಗ್ರಿ ದಾಟಬಾರದು ಎಂಬುದು ಈ ಜಾತಿಯ ಬ್ಯಾಟರಿಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ. ಒಳಗಿನ ಬಿಸಿ ಹೊರಗಿನದಕ್ಕಿಂತ ಹೆಚ್ಚೇ ಇರುವುದರಿಂದ ಅಲ್ಲಿಯವರೆಗೆ ಕಾಯಬೇಡಿ.

ಸದ್ಯ ಗನ್ನು ಪೂರ್ವಪಕ್ಷದವರ ವಶದಲ್ಲಿದೆ. ದೋಸೆಯ ಕಬ್ಬಿಣದ ಕಾವಲಿ ಮೊದಲೇ ಕರ್‍ರಗಿರುವುದರಿಂದ ಅಲ್ಲಿ ಟೇಪು ಬೇಕಾಗಿಲ್ಲ.