ಆನೆ ಬಿದ್ದ ಚೌಕ

ದಾರಿ ಹೇಳುವುದರಲ್ಲಿ ನನಗೆ ಸಿಗುವ ಸುಖ ದಾರಿ ನಡೆಯುವುದರಲ್ಲಿ ಸಿಕ್ಕಿಲ್ಲ. ಆ ಸುಖಕ್ಕೂ ಈಗ ಕಲ್ಲು ಬಿದ್ದಿದೆ. ಹಾಕಿದವನು ನಮ್ಮ ಅಕ್ಕನ ಮಗ.

ಹೋದ ಶ್ರಾವಣದಲ್ಲಿ ದೇವರಾಯನದುರ್ಗದ ನರಸಿಂಹಸ್ವಾಮಿಗೆ ಹರಕೆ ತೀರಿಸುವುದಿತ್ತು. ಅಳಿಯ ಬೆಂಗಳೂರಿನಿಂದ ಹಿಂದಿನ ಸಂಜೆಯೇ ಹೊರಟಿದ್ದ. ಫೋನಿನಲ್ಲಿ ಶುರು ಮಾಡಿದೆ: "ಡಾಬಸ್‌ಪೇಟೆ ದಾಟ್ತಿದ್ದಂಗೆ ಬಲಕ್ಕೆ ಊರ್ಡಿಗೆರೆ ದಾರಿ ಹಿಡಿ. ಮುಂದೆ ಒಂದು ಗೋಣಿಮರ ಇತ್ತು, ಈಗಿಲ್ಲ. ಅದರ ಹತ್ರ ನಿಧಾನ ಮಾಡು. ಅಲ್ಲಿಂದ ಅಡುಗೆ ಭಟ್ಟರ ಮನೆ ಕೂಗಳತೆ."

"ಮಾವ, ಇಲ್ಲದ ಮರದ ಹತ್ರ ನಿಧಾನ ಮಾಡೋದು ಹೆಂಗೆ? ಅವೆಲ್ಲ ಬೇಡ. ಮೂರು ಪದ ಕಳ್ಸಿ, ಸಾಕು."

"ಬೇಗ ಹೊರಟು ಬಾ," ಅಂದೆ. ಎಣಿಸಿ ನೋಡಿ, ಮೂರೇ ಪದ. ಅವನು ನಗಲಿಲ್ಲ.

ರಾತ್ರಿ ಬಂದವನೇ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದ. 2013ರಲ್ಲಿ ಲಂಡನ್ನಿನಲ್ಲಿ ವಾಟ್‌ತ್ರೀವರ್ಡ್ಸ್ ಎಂಬ ಕಂಪನಿ ಹುಟ್ಟಿತಂತೆ. ಅದು ಇಡೀ ಭೂಮಂಡಲವನ್ನು ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿದೆ, ನಮ್ಮ ಮೈಸೂರುಪಾಕಿನ ಹಾಗೆ. ಒಟ್ಟು 57 ಲಕ್ಷ ಕೋಟಿ ತುಂಡು. ಒಂದೊಂದಕ್ಕೂ ಮೂರು ಪದಗಳ ಹೆಸರು, ನಡುವೆ ಒಂದೊಂದು ಚುಕ್ಕೆ. ಇಷ್ಟೊಂದು ಹೆಸರಿಗೆ ಪದ ಎಲ್ಲಿಂದ ತಂದರು ಅಂದರೆ, ಇಂಗ್ಲಿಷಿನ ಸುಮಾರು 40 ಸಾವಿರ ಪದಗಳನ್ನು ಮೂರು ಮೂರಾಗಿ ಜೋಡಿಸಿದರೆ 64 ಲಕ್ಷ ಕೋಟಿ ಜೋಡಣೆ ಸಿಗುತ್ತದೆ. ಭೂಮಿಗೆ ಹೆಸರಿಟ್ಟು ಮಿಕ್ಕುತ್ತದೆ. ಕನ್ನಡದಲ್ಲೂ ಇದೆ. ಅದು ಇಂಗ್ಲಿಷಿನ ಅನುವಾದವಲ್ಲ, ಕನ್ನಡದ್ದೇ ಬೇರೆ ಮೂರು ಪದ.

ನಾನು ಲೆಕ್ಕ ಹಾಕಿದೆ. 30–40ರ ಸೈಟು ಅಂದರೆ ಹನ್ನೆರಡು ಚೌಕ. ನಡುಮನೆಗೊಂದು ಹೆಸರು, ಅಡುಗೆಮನೆಗೊಂದು, ಬಚ್ಚಲಿಗೊಂದು, ಎದುರುಮನೆಯವರು ನಮ್ಮ ಕಡೆ ಗುಡಿಸಿ ಬಿಡುವ ಕಸ ಬಂದು ಸೇರುವ ಮೂಲೆಗೊಂದು. ವಿಷ್ಣುವಿನ ಸಹಸ್ರನಾಮಕ್ಕೆ ಈ ಲೆಕ್ಕದಲ್ಲಿ ಎರಡೂಕಾಲು ಎಕರೆ ಸಾಕು. ಮಿಕ್ಕ ಭೂಮಿಗೆಲ್ಲ ಹೆಸರು ಹೊಂದಿಸಿದವರ ತಾಳ್ಮೆಗೆ ದೊಡ್ಡ ನಮಸ್ಕಾರ.

ಈ ಕಂಪನಿ ಹುಟ್ಟಿದ ಕತೆಯೂ ಚೆನ್ನಾಗಿದೆ. ಕ್ರಿಸ್ ಶೆಲ್ಡ್ರಿಕ್ ಎಂಬಾತ ಅದನ್ನು ಕಟ್ಟಿದವರಲ್ಲಿ ಒಬ್ಬ. ಅದಕ್ಕೆ ಮುಂಚೆ ಸಂಗೀತದ ಮೇಳಗಳನ್ನು ಊರೂರಿಗೆ ಕಳಿಸುತ್ತಿದ್ದ. ಒಮ್ಮೆ ರೋಮ್ ನಗರದ ತೆಂಕಣಕ್ಕೆ ಹೋಗಬೇಕಾದ ವಾದ್ಯ ಸಾಮಾನೆಲ್ಲ ಬಡಗಣಕ್ಕೆ ಹೋಗಿ ಇಳಿಯಿತು. ಇನ್ನೊಮ್ಮೆ ಕೀಬೋರ್ಡಿನವನು ಫೋನು ಮಾಡಿ, ಗಾಬರಿಯಾಗಬೇಡಿ, ನಾವು ಬೇರೆಯವರ ಮದುವೆಯಲ್ಲಿ ವಾದ್ಯ ಸರಿಮಾಡಿಕೊಂಡುಬಿಟ್ಟೆವು ಅಂದನಂತೆ. ಇದಕ್ಕೆಲ್ಲ ಕಂಪನಿ ಕಟ್ಟುತ್ತಾರೆಯೇ? ಒಂದೇ ಮುಹೂರ್ತಕ್ಕೆ ಅಕ್ಕಪಕ್ಕದ ಛತ್ರಗಳಲ್ಲಿ ಮದುವೆ ನಡೆಯುವ ನಮ್ಮ ತುಮಕೂರಿನಲ್ಲಿ ಬೇರೆಯವರ ಮದುವೆಯಲ್ಲಿ ಊಟ ಮಾಡಿ, ಮುಯ್ಯಿ ಬರೆಸಿ, ಫೋಟೋಗೂ ನಿಂತು, ಆಮೇಲೆ ಹೆಣ್ಣಿನ ಮುಖ ನೋಡಿ ಚಕಿತರಾದವರು ಎಷ್ಟು ಜನ ಬೇಕು ನಿಮಗೆ? ಅವರಾರೂ ಭೂಮಿಯನ್ನು ಕತ್ತರಿಸಲು ಹೊರಡಲಿಲ್ಲ. ಪಾಯಸ ಯಾವ ಕಡೆಯದು ಚೆನ್ನಾಗಿತ್ತು ಅಂತ ಮಾತಾಡಿಕೊಂಡು ಮನೆಗೆ ಬಂದರು.

ಮೇಳದ ಮಾತು ಬಂದರೆ ಗುಬ್ಬಿಯನ್ನು ಬಿಡುವ ಹಾಗಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಪರದೆ, ಕಿರೀಟ, ಸಂಸಾರ ಸಮೇತ ನಾಡು ಸುತ್ತಿತು. ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆ ಆನೆ ಬೇರೆ ಯಾರದೋ ಮದುವೆಗೆ ಹೋಗಿ ನಿಂತಿತು ಅಂತ ನಾನಂತೂ ಕೇಳಿಲ್ಲ.

ಆನೆಯಿಂದ ದುರ್ಗಕ್ಕೇ ಬಂದೆ. ಅಳಿಯನಿಗೆ ಹೇಳಿದೆ: "ಲೋ, ಮೂರು ಪದದ ವಿಳಾಸ ನಿನ್ನ ಲಂಡನ್ನಿನವನಿಗಿಂತ ಮುಂಚೆ ನಮ್ಮ ಬೆಟ್ಟಕ್ಕಿತ್ತು ಕಣೋ. ಬರ್ಕೋ. ಆನೆಬಿದ್ದಸರಿ, ಚುಕ್ಕೆ. ಜಡಕನದುರ್ಗ, ಚುಕ್ಕೆ. ದೇವರಾಯನದುರ್ಗ." ನಿಜವೇ. ಆನೆಯೊಂದು ಬಿದ್ದ ಕಡಿದಾದ ಜಾಗವೆಂದು ಮೊದಲು ಆನೆಬಿದ್ದಸರಿ. ಆಮೇಲೆ ಜಡಕನೆಂಬ ಕಳ್ಳರ ನಾಯಕ ಬಂದು ಕೂತ, ಜಡಕನದುರ್ಗವಾಯಿತು. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ಹಿಡಿದ ಮೇಲೆ ದೇವರಾಯನದುರ್ಗ. ಕರಿಗಿರಿ ಎಂಬ ಪುರಾಣದ ಹೆಸರು ಬೇರೆ ಇದೆ, ಅದನ್ನು ಪಿನ್‌ಕೋಡ್ ಅಂದುಕೊಳ್ಳಿ. ಒಂದು ಆನೆ, ಒಬ್ಬ ಕಳ್ಳ, ಒಬ್ಬ ದೊರೆ. ಹೆಸರು ಕೇಳಿದರೆ ಯಾರು ಬಿದ್ದರು, ಯಾರು ಕದ್ದರು, ಯಾರು ಗೆದ್ದರು ಗೊತ್ತಾಗುತ್ತದೆ. ಇವನ ಚೌಕದ ಹೆಸರು ಕೇಳಿದರೆ ಏನು ಗೊತ್ತಾಗುತ್ತದೆ? ಸಂಬಂಧವಿಲ್ಲದ ಮೂವರು ಬಸ್ಸಿನ ಒಂದೇ ಸೀಟಿನಲ್ಲಿ ಕೂತ ಹಾಗೆ.

ಇನ್ನೊಂದು ತಕರಾರೂ ಇದೆ. ಅವನ ನಕ್ಷೆ ಮೇಲಿಂದ ನೋಡುತ್ತದೆ, ಎತ್ತರದ ಲೆಕ್ಕ ಅದಕ್ಕಿಲ್ಲ. ಆ ಬಡಪಾಯಿ ಆನೆಯನ್ನು ಕೇಳಿ ನೋಡಿ. ನಕ್ಷೆಯ ಪ್ರಕಾರ ಅದು ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಕಾಲಿಟ್ಟಿತು, ಅಷ್ಟೆ. ನೀರಿಗೂ ಹಾಗೆಯೇ. ಈ ಬೆಟ್ಟದ ಒಂದು ಮಗ್ಗುಲಿಗೆ ಬಿದ್ದ ಮಳೆ ಶಿಂಷೆಯಾಗಿ ಕಾವೇರಿಗೆ ಹೋಗುತ್ತದೆ, ಇನ್ನೊಂದು ಮಗ್ಗುಲಿನದು ಜಯಮಂಗಲಿಯಾಗಿ ಉತ್ತರ ಪಿನಾಕಿನಿಗೆ. ಬೆನ್ನು ತಾಗಿಸಿ ಕೂತ ಎರಡು ಹನಿ ಮತ್ತೆ ಒಂದಾಗುವುದು ಬಂಗಾಳಕೊಲ್ಲಿಯಲ್ಲೇ.

ಅಳಿಯ ಇದಕ್ಕೆಲ್ಲ ಬಗ್ಗಲಿಲ್ಲ. "ನಿಮ್ಮ ಹೆಸರುಗಳ ಹಣೆಬರಹ ನಾಳೆ ನೋಡೋಣ," ಅಂದ. ನೋಡಿಯೂ ಬಿಟ್ಟ.

ಬೆಳಿಗ್ಗೆ ತುಮಕೂರಿನಿಂದ ಟೆಂಪೋ ಹೊರಟು, ಊರ್ಡಿಗೆರೆಯಲ್ಲಿ ಭಟ್ಟರನ್ನೂ ಹಂಡೆ ಕೊಳಗಗಳನ್ನೂ ಹತ್ತಿಸಿಕೊಂಡು, ದುರ್ಗದ ಛತ್ರಕ್ಕೆ ಬರಬೇಕು. ಡ್ರೈವರಿಗೆ ನಾನೇ ಹೇಳಿದ್ದೆ: ಊರ್ಡಿಗೆರೆ, ಇಸ್ಕೂಲಿನ ಹಿಂದಿನ ಮನೆ. ಎಂಟು ಗಂಟೆಗೆ ಅವನ ಫೋನು. "ಸಾ, ಊರುಕೆರೇಲಿ ಇಸ್ಕೂಲ್ ಹಿಂದ್ಗಡೆ ಮನೇಲೆ ಇವ್ನಿ. ಆಯಮ್ಮ ಕಾಪಿ ಕೊಟ್ರು, ಆದ್ರೆ ಭಟ್ರು ಯಾರೂ ಇಲ್ಲ ಅಂತಾರೆ." ಊರ್ಡಿಗೆರೆ ದುರ್ಗದ ಆ ಕಡೆ, ಊರುಕೆರೆ ಕೊರಟಗೆರೆ ರಸ್ತೆಯಲ್ಲಿ ಈ ಕಡೆ. ಎರಡೂ ತುಮಕೂರು ತಾಲೂಕೇ, ಎರಡರಲ್ಲೂ ಊರಿದೆ, ಕೆರೆಯಿದೆ. ಅಳಿಯ ಒಂದು ಮಾತೂ ಆಡಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿದ. ಬೈದಿದ್ದರೆ ವಾಸಿಯಿತ್ತು.

"ಕೊಡಿ ಫೋನು," ಅಂದ. ಭಟ್ಟರಿಗೆ ಅಡ್ವಾನ್ಸ್ ಕೊಡಲು ಹೋದಾಗಲೇ ಅವರ ಹೊಸಿಲಿನ ಮೂರು ಪದ ಹಿಡಿದಿಟ್ಟಿದ್ದ. ಡ್ರೈವರನ ಫೋನಿಗೂ ಆ್ಯಪ್ ಹಾಕಿಸಿದ್ದ. ಸಂದೇಶ ಕಳಿಸಲು ನೋಡಿದರೆ ಇಂಟರ್ನೆಟ್ಟು ಸತ್ತಿದೆ. ಸರಿ, ಬಾಯಲ್ಲೇ ಹೇಳುತ್ತೇನೆ ಅಂತ ಹೇಳಿದ. ಆ ಪದಗಳನ್ನು ಇಲ್ಲಿ ಬರೆಯಲಾರೆ, ಭಟ್ಟರ ಮನೆ ಮುಂದೆ ನೀವು ಸಾಲು ನಿಂತೀರಿ. ಒಂದು ಪದ ಮಾತ್ರ ‘ಹ’ಕಾರದಿಂದ ಶುರುವಾಗುತ್ತಿತ್ತು. ಕೆಟ್ಟದ್ದು ಅಲ್ಲೇ.

ನಮ್ಮ ಸೀಮೆಯಲ್ಲಿ ‘ಹ’ ಎಂಬ ಅಕ್ಷರಕ್ಕೆ ರೇಷನ್ನು. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹಕ್ಕಿ ಅಕ್ಕಿಯಾಗುತ್ತದೆ. ಹಾರುವುದೋ ಬೇಯುವುದೋ ಸಂದರ್ಭ ನೋಡಿಕೊಂಡು ತಿಳಿಯಬೇಕು. ಉಳಿಸಿದ ಹಕಾರವನ್ನೆಲ್ಲ ಕೆಲವರು ಬೇಕಿಲ್ಲದ ಕಡೆ ಖರ್ಚು ಮಾಡಿ ಹಾನೆ, ಹಿಡ್ಲಿ ಅನ್ನುವುದೂ ಉಂಟು. ಚೌಕದ ಹೆಸರಿಗೆ ಎಂಥ ಸಂದರ್ಭ? ಒಂದೇ ಥರ ಕೇಳುವ ಪದಗಳನ್ನು ಆದಷ್ಟು ತೆಗೆದಿದ್ದೇವೆ ಎನ್ನುವುದು ಆ ಕಂಪನಿಯ ಮಾತು. ತೆಗೆದಿರಬಹುದು. ಅವರು ನಮ್ಮ ಟೆಂಪೋ ಡ್ರೈವರನನ್ನು ಕೇಳಿರಲಿಕ್ಕಿಲ್ಲ.

"ಸಾ, ಇದು ಯಾವ್ದೋ ದೇಶ ತೋರುಸ್ತೈತೆ. ಡೀಸೆಲ್ ಅಲ್ಲೀಗಂಟ ಬರಾಕಿಲ್ಲ."

ಈಗ ಸುಮ್ಮನೆ ನೋಡುವ ಸರದಿ ನನ್ನದು. ಚೆನ್ನಾಗಿ ನೋಡಿದೆ.

ಅವನೋ, ಸೋಲೊಪ್ಪುವ ಕುಲವಲ್ಲ. ಕಾಯುವ ಹೊತ್ತಿನಲ್ಲಿ ಬೇರೆ ಕೋಡುಗಳ ಪುರಾಣ ತೆಗೆದ. ಗೂಗಲಿನ ಪ್ಲಸ್ ಕೋಡಿನಲ್ಲಿ ಸ್ವರಾಕ್ಷರಗಳೇ ಇಲ್ಲ, ಅಪ್ಪಿತಪ್ಪಿ ಯಾವ ಪದವೂ ಆಗಬಾರದೆಂದು. ನಮ್ಮ ಅಂಚೆ ಇಲಾಖೆಯವರು 1972ರ ಆಗಸ್ಟ್ 15ರಂದು ಪಿನ್‌ಕೋಡ್ ತಂದು ನಮ್ಮನ್ನೆಲ್ಲ 572ರ ಗುಂಪಿಗೆ ಸೇರಿಸಿದರು. ಅವರೇ 2025ರಲ್ಲಿ ಹೈದರಾಬಾದಿನ ಐಐಟಿ ಮತ್ತು ಇಸ್ರೋದ ಜೊತೆ ಸೇರಿ ಡಿಜಿಪಿನ್ ತಂದಿದ್ದಾರೆ. ಸುಮಾರು ನಾಲ್ಕು ಮೀಟರಿನ ಚೌಕ, ಹತ್ತು ಅಕ್ಷರ ಅಂಕಿ. ಸೊನ್ನೆಯೂ ಒಂದೂ ಇಲ್ಲ. ಅಣ್ಣತಮ್ಮಂದಿರು ಪಾಲಾದ ಮನೆಯಲ್ಲಿ ಒಂದೇ ಡಿಜಿಪಿನ್ನಿನೊಳಗೆ ಎರಡು ಒಲೆ ಉರಿಯುತ್ತಿರುತ್ತವಲ್ಲ ಅಂದೆ. ಅದು ಸಾಫ್ಟ್‌ವೇರಿನ ತಪ್ಪಲ್ಲ ಮಾವ ಅಂದ. ಒಪ್ಪಿದೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಹುಣಸೆಮರ, ಪಶ್ಚಿಮಕ್ಕೆ ಬಂಡಿದಾರಿ ಅಂತ ಬರೆಸಿ, ಮರ ಬಿದ್ದ ಮೇಲೆ ಮೂರು ತಲೆಮಾರು ಕೋರ್ಟಿಗೆ ಅಲೆದ ವಂಶ ನಮ್ಮದು. ಆಗ ಯಾರಾದರೂ ಒಂದು ಚೌಕ ಎಳೆದು ಕೊಟ್ಟಿದ್ದರೆ ಆ ಗದ್ದೆ ಇವತ್ತು ನಮ್ಮದಾಗಿರುತ್ತಿತ್ತು. ಇಲ್ಲವೇ ಅವರದು. ಇದನ್ನು ಅಳಿಯನ ಮುಂದೆ ಹೇಳಲಿಲ್ಲ.

ಹತ್ತೂವರೆಗೆ ಟೆಂಪೋ ಬಂತು, ಭಟ್ಟರ ಸಮೇತ. ಹೆಂಗಯ್ಯ ಮನೆ ಸಿಕ್ತು ಅಂದೆ. ಊರ್ಡಿಗೆರೆಯಲ್ಲಿ ಜಗಲಿ ಮೇಲೆ ಒಬ್ಬ ಅಜ್ಜಿ ಕೂತಿತ್ತಂತೆ. ಅಡುಗೆ ಭಟ್ಟರ ಮನೆ ಎಲ್ಲಿ ಅಂತ ಕೇಳಿದ್ದಕ್ಕೆ, "ಯಾವ ಭಟ್ರು ಮಗ? ಉಪ್ಪು ಜಾಸ್ತಿ ಹಾಕೋರೋ, ಕಮ್ಮಿ ಹಾಕೋರೋ?" ಅಂದಿತಂತೆ. ಇವನು ಬಿ.ಪಿ. ಇರುವ ಮನುಷ್ಯ, ಕಮ್ಮಿ ಅಂದ. ಸರಿಯಾದ ಮನೆಯೇ ಸಿಕ್ಕಿತು. ಮಧ್ಯಾಹ್ನ ಸಾರು ಬಾಯಿಗಿಟ್ಟಾಗ ವಿಳಾಸದಲ್ಲಿ ಅನುಮಾನವೇನೂ ಉಳಿಯಲಿಲ್ಲ.

ಊಟಕ್ಕೆ ಮುಂಚೆ ಬೆಟ್ಟದ ಮೇಲಿನ ಯೋಗಾನರಸಿಂಹನನ್ನು ನೋಡಲು ಹತ್ತಿದ್ದೆವು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಡುವಾಗ ಅಳಿಯ ಫೋನು ತೆಗೆದು, "ಮಾವ, ಈ ಚೌಕ ಸೇವ್ ಮಾಡಿದೀನಿ. ಜನ ಎಷ್ಟೇ ಇರ್ಲಿ, ಮೂರು ಮೀಟರಿನೊಳಗೆ ನಿಮ್ಮ ಚಪ್ಪಲಿ," ಅಂದ. ಹೊಸ ಚಪ್ಪಲಿ, ನನಗೂ ಸಮಾಧಾನವಾಯಿತು. ದರ್ಶನ ಮುಗಿಸಿ ಅವನಿಗಿಂತ ಮುಂಚೆ ಇಳಿದು ಬಂದೆ. ಅವನು ಮೇಲಿನಿಂದಲೇ ಪರದೆ ನೋಡುತ್ತ, ಎಡಕ್ಕೆ ಇನ್ನೆರಡು ಹೆಜ್ಜೆ, ಹಾಂ, ಅಲ್ಲೇ ನಿಲ್ಲಿ ಅನ್ನುತ್ತ ಬಂದ. ಚೌಕ ಕರಾರುವಾಕ್ಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

"ಸಿಕ್ತಾ ಮಾವ?"

ನಾನು ಎದುರಿನ ಮರದ ಕೊಂಬೆ ನೋಡುತ್ತಿದ್ದೆ.

"ಬರ್ಕೋ," ಅಂದೆ. "ಕೋತಿ, ಚುಕ್ಕೆ. ಹೊತ್ಕೊಂಡು, ಚುಕ್ಕೆ. ಹೋಯ್ತು."