ಒಂದೇ ದಿನದ ಬೆಂಗಳೂರು

ಅದೇನಕ್ಕ, ಕಾಂಪೌಂಡಿನ ಹತ್ರ ನಿಂತು ಬೆರಳು ಎಣಿಸ್ತಿದ್ದೀರಿ? ಓ, ಬೆಂಗಳೂರಿಗಾ! ಹೋಗಿ ಬನ್ನಿ ಕಣಕ್ಕ. ನಿಮ್ಮನೆ ಮೇಷ್ಟ್ರು ರಿಟೈರ್ ಆದ ಮೇಲೆ ಬಸ್‌ಸ್ಟ್ಯಾಂಡ್ ದಾಟಿದ್ದನ್ನೇ ನಾನು ಕಾಣೆ. ಮುಂಜಾನೆ ಮಂಡ್ಯ ಬಿಟ್ರೆ ರಾತ್ರಿ ಊಟದ ಹೊತ್ತಿಗೆ ವಾಪಸ್ಸು. ನೂರು ಕಿಲೋಮೀಟರ್ ಏನು ಮಹಾ?

ಖರ್ಚಾ? ನಿಮ್ಮದೇನು ಖರ್ಚು? 2023ರ ಜೂನಿಂದ ನಾವು ಹೆಂಗಸರೆಲ್ಲ ಆಧಾರ್ ಕಾರ್ಡ್ ತೋರಿಸಿ ಸೊನ್ನೆ ಟಿಕೆಟ್ಟಲ್ಲಿ ಓಡಾಡ್ತಿರೋರೇ. ಕೆಂಪು ಬಸ್ಸನ್ನೇ ಹತ್ತಬೇಕು ಅಷ್ಟೇ. ರಾಜಹಂಸ, ಐರಾವತ ಅಂತ ಆಸೆ ಪಟ್ರೆ ಪೂರ್ತಿ ದುಡ್ಡು. ಟ್ರಿಪ್ಪಲ್ಲಿ ದುಬಾರಿ ಸಾಮಾನು ಅಂದ್ರೆ ಮೇಷ್ಟ್ರೇ. ಅರವತ್ತು ತುಂಬಿದೆಯಲ್ಲ, ಬಸ್ಸಲ್ಲಿ ಅವರಿಗೆ ನೂರಕ್ಕೆ 25 ಕಡಿಮೆ ಆಗುತ್ತೆ. ರೈಲಲ್ಲಿ ಹಿರಿಯರ ರಿಯಾಯಿತಿ 2020ರ ಮಾರ್ಚಲ್ಲಿ ನಿಲ್ಲಿಸಿದೋರು ಮತ್ತೆ ಕೊಡಲಿಲ್ಲ. ಆದರೂ ಜನರಲ್ ಬೋಗಿ ಟಿಕೆಟ್ಟು ಬಸ್ ಚಾರ್ಜಿಗಿಂತ ಎಷ್ಟೋ ಅಗ್ಗ. ಆದ್ರೆ ರೈಲಿಗೆ ನೀವೂ ದುಡ್ಡು ತೆರಬೇಕಲ್ಲ! ಪಕ್ಕಾ ಲೆಕ್ಕ ಹಾಕಿದ್ರೆ ನೀವು ಬಸ್ಸಲ್ಲಿ, ಅವರು ರೈಲಲ್ಲಿ ಹೋಗಿ ಮೆಜೆಸ್ಟಿಕ್ಕಲ್ಲಿ ಸೇರ್ಕೋಬೇಕು. ನಗಬೇಡಿ, ನಾವು ಹಾಗೇ ಮಾಡಿದ್ವಿ. ನಮ್ಮೋರು ರೈಲಿಳಿದಾಗ ಕೈಯಲ್ಲಿ ಮದ್ದೂರು ವಡೆ ಪೊಟ್ಟಣ. ಉಳಿಸಿದ್ದೆಲ್ಲ ಅಲ್ಲೇ ಎಣ್ಣೆಗೆ ಬಿದ್ದಿತ್ತು.

ಯಾವ ವಾರ ಹೋಗ್ತೀರಿ? ಭಾನುವಾರ ಚಿಕ್ಕಪೇಟೆ ಅಂಗಡಿ ಬಹಳಷ್ಟು ಬಾಗಿಲು ಹಾಕಿರುತ್ವೆ. ಹೋಟ್ಲುಗಳಲ್ಲಿ ಸೋಮವಾರ ಎಂ.ಟಿ.ಆರ್. ರಜ, ಶುಕ್ರವಾರ ವಿದ್ಯಾರ್ಥಿ ಭವನ ರಜ. ಮಂಗಳವಾರ ಮೇಷ್ಟ್ರು ಹೊಸಲು ದಾಟಲ್ಲ, ಶನಿವಾರ ನಿಮ್ಮದು ಒಪ್ಪತ್ತು. ಉಳಿದಿದ್ದು ಬುಧವಾರ, ಗುರುವಾರ. ನೋಡಿ, ಎಷ್ಟು ಸಲೀಸಾಯ್ತು.

ನಾನು ಹೇಳೋದು ಒಂದೇ ಮಾತು ಕಣಕ್ಕ. ಬೆಂಗಳೂರಲ್ಲಿ ದುಡ್ಡು ಕರಗೋದು ತಿನ್ನೋದರಲ್ಲಲ್ಲ, ಅಡ್ಡಾಡೋದರಲ್ಲಿ. ಬೆಳಗ್ಗೆ ಇಸ್ಕಾನು, ಮಧ್ಯಾಹ್ನ ಬನ್ನೇರುಘಟ್ಟ, ಸಂಜೆ ಎಂ.ಜಿ. ರೋಡು ಅಂತ ಹೊರಟ್ರೆ ಆಟೋದೋನಿಗೆ ಸೈಟು ಕೊಡಿಸಿದ ಹಾಗೆ. ನೋಡೋದು ಏನು, ಸಿಗ್ನಲ್ಲು! ಮೆಟ್ರೋದ ಹಸಿರು ಮಾರ್ಗ ಒಂದನ್ನೇ ಹಿಡ್ಕೊಳ್ಳಿ. ಮೆಜೆಸ್ಟಿಕ್ ಬಿಟ್ರೆ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಲಾಲ್‌ಬಾಗ್. ಹಳೇ ಬೆಂಗಳೂರಿನ ಹೊಟ್ಟೆ, ಬಟ್ಟೆ ಎರಡೂ ಅಷ್ಟರಲ್ಲೇ ಇದೆ. 2025ರಲ್ಲಿ ಮೆಟ್ರೋ ದರ ಏರಿಸಿ ದೂರದ ಪ್ರಯಾಣಕ್ಕೆ 90 ರೂಪಾಯಿವರೆಗೂ ಮುಟ್ಟಿಸಿದ್ರು, ನಿಜ. ನಾಲ್ಕು ಸ್ಟೇಷನ್ನಿಗೆ ಅಷ್ಟು ಕೈ ಸುಡಲ್ಲ. ಮೇಷ್ಟ್ರಿಗೆ ವಿಧಾನಸೌಧ ನೋಡಬೇಕಂತಾ? ಅದು ನೇರಳೆ ಮಾರ್ಗದಲ್ಲಿದೆ, ಇನ್ನೊಂದ್ಸಲಕ್ಕೆ ಇಟ್ಕೊಳ್ಳಿ. 1956ರಿಂದ ಅಲ್ಲೇ ಇದೆ, ಎಲ್ಲೂ ಓಡಿಹೋಗಲ್ಲ.

ಮೊದಲು ನ್ಯಾಷನಲ್ ಕಾಲೇಜಲ್ಲಿ ಇಳೀರಿ, ಗಾಂಧಿ ಬಜಾರಿಗೆ ನಡೆದೇ ಹೋಗಿ. ಬುತ್ತಿ ಗಿತ್ತಿ ಕಟ್ಕೊಂಡು ಹೋಗಬೇಡಿ. ಚಿತ್ರಾನ್ನ ತಿನ್ನೋಕೆ ಅಷ್ಟು ದೂರ ಯಾಕೆ? ವಿದ್ಯಾರ್ಥಿ ಭವನದಲ್ಲಿ ಬಾಗಿಲಲ್ಲೇ ಹೆಸರು ಬರೆಸಿ ಕಾಯಬೇಕು, ಕಾಯಿರಿ. ಒಳಗೆ ಗೋಡೆ ತುಂಬ ಕನ್ನಡ ಸಾಹಿತಿಗಳ ಚಿತ್ರ, ಮೇಷ್ಟ್ರಿಗೆ ಪಾಠ ಮಾಡಿದ್ದೆಲ್ಲ ನೆನಪಾಗುತ್ತೆ. ಸಪ್ಲೈಯರ್ ಬರೋದು ನೋಡಬೇಕು. ಒಂದೇ ತೋಳಿನ ಮೇಲೆ ಮಣಿಕಟ್ಟಿಂದ ಭುಜದ ತನಕ ದೋಸೆ ತಟ್ಟೆ ಒಂದರ ಮೇಲೊಂದು. ಇನ್ನೊಂದು ಕೈಯಿಂದ ಇಸ್ಪೀಟ್ ಎಲೆ ಹಂಚಿದ ಹಾಗೆ ಟೇಬಲ್ಲಿಗೆ ಇಡ್ತಾ ಹೋಗ್ತಾನೆ. ಒಂದು ತಟ್ಟೆ ಅಲುಗಲ್ಲ! 1943ರಿಂದ ನಡೀತಿರೋ ಹೋಟ್ಲು. ಮಧ್ಯಾಹ್ನ ಬಾಗಿಲು ಹಾಕ್ತಾರೆ, ಅದಕ್ಕೇ ಮೊದಲು ಅಲ್ಲಿಗೇ ಹೋಗಿ ಅಂದಿದ್ದು.

ದೊಡ್ಡ ಬಸವಣ್ಣನಿಗೆ ಕೈಮುಗಿದು ಲಾಲ್‌ಬಾಗಿಗೆ ಹೋಗಿ. ಗಾಜಿನ ಮನೆ ಎಲ್ಲರೂ ನೋಡ್ತಾರೆ, ನೀವು ಬಂಡೆ ಹತ್ತಿ. ಮುನ್ನೂರು ಕೋಟಿ ವರ್ಷದ ಬಂಡೆಯಂತೆ. ಅದರ ಮುಂದೆ 1760ರಲ್ಲಿ ತೋಟ ಶುರುಮಾಡಿದ ಹೈದರಾಲಿನೂ ನಿನ್ನೆ ಮೊನ್ನೆಯೋನು. ಮೇಲೆ ಕೆಂಪೇಗೌಡರ ಗೋಪುರ ಇದೆ. ಅಲ್ಲಿ ಕೂತ್ರೆ ಊರೆಲ್ಲ ಕಾಣುತ್ತೆ, ಕೂತಿದ್ದಕ್ಕೆ ಬೇರೆ ಟಿಕೆಟ್ಟಿಲ್ಲ. ಜನವರಿ, ಆಗಸ್ಟಲ್ಲಿ ಫ್ಲವರ್ ಶೋ ನಡೆಯುವಾಗ ಮಾತ್ರ ಹೋಗಬೇಡಿ. ಹೂವಿಗಿಂತ ತಲೆಗಳೇ ಜಾಸ್ತಿ ಕಾಣೋದು.

ಚಿಕ್ಕಪೇಟೆ ಕೊನೆಗಿರಲಿ. ಮೊದಲೇ ಹೋದ್ರೆ ದಿನವೆಲ್ಲ ಚೀಲ ಹೊರಬೇಕು. ಅಲ್ಲಿ ಗಾದಿ ಮೇಲೆ ಕೂರಿಸಿ, ಬೇಡ ಬೇಡ ಅಂದ್ರೂ ಇಪ್ಪತ್ತು ಸೀರೆ ಬಿಚ್ಚಿ ಹಾಕ್ತಾರೆ. ಅಷ್ಟು ಬಿಚ್ಚಿಸಿ ಬರಿಗೈಲಿ ಏಳೋಕೆ ನಾಚಿಕೆಯಾಗುತ್ತೆ ನೋಡಿ, ಅದೇ ಅವರ ಬಂಡವಾಳ. ಗಟ್ಟಿ ಮನಸ್ಸು ಮಾಡಿ ಎದ್ದುಬಿಡಿ.

ಹಾಂ, ಹೇಗೂ ಹೋಗ್ತೀರಲ್ಲ, ನನಗೆರಡು ಬ್ಲೌಸ್ ಪೀಸ್ ತರ್ತೀರಾ? ಬಣ್ಣಕ್ಕೆ ಸೀರೆ ಚೂರು ಕತ್ತರಿಸಿ ಕೊಡ್ತೀನಿ. ಹಾಗೇ ಐದು ಮೀಟರ್ ಲೈನಿಂಗ್ ಬಟ್ಟೆ. ಅವೆನ್ಯೂ ರೋಡ್ ಪಕ್ಕದಲ್ಲೇ ಅಲ್ವಾ, ಹುಡುಗಿಗೆ ಪಿಯುಸಿ ಗೈಡು ಸೆಕೆಂಡ್ ಹ್ಯಾಂಡಲ್ಲಿ ಸಿಕ್ರೆ ನೋಡಿ. ಭಾರ ಏನಾಗಲ್ಲ ಬಿಡಿ, ಮೇಷ್ಟ್ರ ಕೈ ಖಾಲಿ ತಾನೆ. ದುಡ್ಡು ನೀವು ಬಂದ ಮೇಲೆ ಕೊಡ್ತೀನಿ.